ಅರಬ್ಬೀ ಶಬ್ದಗಳನ್ನು ಕೇಳಿ ನೋಡಿ ಕಲಿಯುವ ಬಗೆ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ‘ರಾಮಃ ರಾಮೌ ರಾಮಾಃ’ ಎಂದು ಹೇಳಿಕೊಡುತ್ತ ಬಂದ ಮಾಸ್ತರರಿಗೆ ಅರವತ್ತನೆಯ ವಯಸ್ಸಿನಲ್ಲಿ ಅರಬ್ಬೀ ಭಾಷೆಯ ಗೊಡವೆಯೇತಕ್ಕೆಂದು ವಾಚಕ ಮಹಾಶಯರು ಕೇಳಿಯಾರು. ಕೇಳತಕ್ಕ ಮಾತೇ ಸರಿ. ನಮ್ಮ ಮನೆಯವರೂ ಇದನ್ನೇ ಕೇಳಿದರು. ಕೇಳಿ, ನಮ್ಮ ಉತ್ತರಕ್ಕೆ ಕಾಯದೆ, ನೆರೆಮನೆಯ ಹುಡುಗಿಗಾಗಿ ಇನ್ನೊಂದು ಬಟ್ಟಲು ಚಹಕ್ಕೆ ನೀರಿಟ್ಟರು.

ಆಳಂದದಲ್ಲಿ ನಮಗೂ ಆ ನೆರೆಯವರಿಗೂ ನಡುವೆ ಇರುವುದು ಒಂದೇ ಗೋಡೆ. ಅವರು ಬಟ್ಟೆ ಹೊಲಿಯುವ ಕಸುಬಿನವರು. ಅವರ ಹಿರಿಯ ಮಗಳು ಕಲಬುರಗಿಯಲ್ಲಿ ನರ್ಸಿಂಗ್ ವಿದ್ಯೆಯನ್ನು ಮುಗಿಸಿ, ಅಲ್ಲಿಯೇ ಎರಡು ವರ್ಷ ಕೆಲಸಮಾಡಿ, ಸೌದೀ ಅರೇಬಿಯಾದ ಒಂದು ಆಸ್ಪತ್ರೆಗೆ ಆಯ್ಕೆಯಾಗಿದ್ದಳು. ಹೊರಡುವುದಕ್ಕೆ ನಾಲ್ಕು ತಿಂಗಳ ಅವಧಿಯಿದ್ದಿತು. ವೈದ್ಯರೊಡನೆ ಇಂಗ್ಲಿಷಿನಲ್ಲಿ ವ್ಯವಹರಿಸಬಹುದು; ಆದರೆ ಹಾಸಿಗೆ ಹಿಡಿದು ಮಲಗಿರುವ ಅಲ್ಲಿಯ ಮುದುಕಿಗೆ ಇಂಗ್ಲಿಷು ಬಂದೀತೆ? ನೋವು ಎಲ್ಲಿ, ಎಂದಿನಿಂದ, ಔಷಧವನ್ನು ಊಟಕ್ಕೆ ಮೊದಲು ತೆಗೆದುಕೊಂಡದ್ದೋ ತರುವಾಯವೋ, ಇಷ್ಟನ್ನು ಆಕೆಯ ಮಾತಿನಲ್ಲಿಯೇ ಕೇಳಿ, ಆಕೆಯ ಮಾತಿನಲ್ಲಿಯೇ ತಿಳಿಯಬೇಕು. ಒಂದು ಶಬ್ದ ತಪ್ಪಿದರೆ ಒಂದು ಗುಳಿಗೆ ತಪ್ಪೀತು.

ಹುಡುಗಿ ಅರಬ್ಬಿಯನ್ನು ಏನೂ ಅರಿಯದವಳಲ್ಲ. ಎಳೆಯ ವಯಸ್ಸಿನಲ್ಲಿಯೇ ಅಕ್ಷರಗಳನ್ನು ಕಲಿತು ಕುರಾನನ್ನು ಸ್ವರಶುದ್ಧವಾಗಿ ಓದುತ್ತಿದ್ದಳು. ನಮ್ಮ ರಾಜ್ಯದ ಪ್ರೌಢಶಾಲೆಗಳಲ್ಲಿ ಸಂಸ್ಕೃತದಂತೆಯೇ ಅರಬ್ಬಿಯನ್ನೂ ತೃತೀಯ ಭಾಷೆಯಾಗಿ ತೆಗೆದುಕೊಳ್ಳುವ ಅವಕಾಶವುಂಟು. ಆಕೆ ಅದನ್ನು ತೆಗೆದುಕೊಂಡು ಒಳ್ಳೆಯ ಗುಣಗಳಿಂದ ಉತ್ತೀರ್ಣಳೂ ಆಗಿದ್ದಳು. ಆದರೂ ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕುಳಿತು, “ಮಾಸ್ತರ್ ಕಾಕಾ, ಅಕ್ಷರ ಎಲ್ಲಾ ಬರ್ತಾವ್ರಿ, ಓದಲಾಕೂ ಬರ್ತದ. ಖರೆ ಅವರು ಮಾತಾಡಿದ್ರ ಒಂದೂ ತಿಳೀವಲ್ದು. ನೀವು ಸಂಸ್ಕೃತದ ಶಬ್ದ ಹ್ಯಾಂಗ ಬಾಯಿಪಾಠ ಮಾಡಸ್ತಿದ್ರಿ, ನನಗೂ ಹಂಗೇ ಮಾಡಸ್ರಿ” ಎಂದಳು.

ಭಾಷೆಯ ಅಭ್ಯಾಸದಲ್ಲಿ ಅತ್ಯಂತ ಕಠಿನವಾದುದು ಈ ಮಧ್ಯಮಾವಸ್ಥೆಯೇ ಎಂದು ನಮ್ಮ ಅನುಭವ. ಹೊಸಬನಿಗೆ ದಿನಕ್ಕೊಂದು ಹೊಸ ಅಕ್ಷರವು ಬಂದರೂ ಉತ್ಸಾಹವುಕ್ಕುತ್ತದೆ. ಪ್ರೌಢನಾದವನು ಗ್ರಂಥವನ್ನು ಹಿಡಿದು ತನ್ನಷ್ಟಕ್ಕೆ ನಡೆಯುತ್ತಾನೆ. ನಡುವೆ ನಿಂತವನಾದರೋ ಅಕ್ಷರವನ್ನು ಬಲ್ಲನು, ವಿಭಕ್ತಿಯನ್ನು ಬಲ್ಲನು, ಐದಾರು ನೂರು ಶಬ್ದಗಳನ್ನೂ ಬಲ್ಲನು. ಆದರೆ ಅವು ಬೇಕಾದಾಗ ಬಾಯಿಗೆ ಬಾರವು, ಕಿವಿಗೆ ಬಿದ್ದಾಗ ಗುರುತು ಹತ್ತವು. ಶಬ್ದರೂಪಾವಳಿಯನ್ನು ಮುಗಿಸಿ ರಘುವಂಶದ ಬಾಗಿಲಲ್ಲಿ ತಡವರಿಸುತ್ತ ನಿಂತ ಎಷ್ಟೋ ಹುಡುಗರನ್ನು ನಾವು ಕಂಡಿದ್ದೇವೆ.

ಮೊದಲು ನಾವು ಮಾಡಿದ್ದು ತಪ್ಪು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾವು ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠಮಾಡಿದವರು. ಅದೇ ದಾರಿಯಲ್ಲಿ, ಶಾಲೆಯ ಪುಸ್ತಕದ ಹಿಂಬದಿಯ ಶಬ್ದಪಟ್ಟಿಯನ್ನು ಆಕೆಯಿಂದ ಓದಿಸಿ, ಕನ್ನಡ ಲಿಪಿಯಲ್ಲಿ ಬರೆದುಕೊಂಡು, ದಿನಕ್ಕೆ ಇಪ್ಪತ್ತರಂತೆ ಒಪ್ಪಿಸಲು ಹೇಳಿದೆವು. ಹತ್ತು ದಿನಗಳಲ್ಲಿ ಇನ್ನೂರು ಶಬ್ದಗಳು ಕಂಠಸ್ಥವಾದುವು. ಆಕೆ ಸಂತೋಷದಿಂದ ಪಕ್ಕದ ಓಣಿಯ ವೃದ್ಧ ಮೌಲವಿಗಳ ಮುಂದೆ ‘ನನ್ನ ಹೃದಯ ನೋಯುತ್ತದೆ’ ಎಂದು ಅರಬ್ಬಿಯಲ್ಲಿ ಹೇಳಿದಳು. ಮೌಲವಿಗಳು ನಕ್ಕು, “ನಿನ್ನ ನಾಯಿಗೆ ಏನಾಗ್ಯಾದ, ಬೇಟಿ?” ಎಂದರಂತೆ. ಅರಬ್ಬಿಯಲ್ಲಿ ಹೃದಯಕ್ಕೂ ನಾಯಿಗೂ ಇರುವ ಶಬ್ದಗಳು ಕನ್ನಡದ ಕಿವಿಗೆ ಒಂದೇ; ನಾವು ಎರಡನ್ನೂ ‘ಕಲ್ಬ್’ ಎಂದೇ ಬರೆದಿದ್ದೆವು. ಮೊದಲನೆಯದರ ಕಕಾರವು ಕಿರುನಾಲಿಗೆಯ ಬಳಿಯಲ್ಲಿ ಹುಟ್ಟುತ್ತದೆ. ಎರಡನೆಯದು ನಮ್ಮ ಕಕಾರವೇ. ಮನೆಯಲ್ಲಿ ದಖ್ಖನಿ ಉರ್ದುವನ್ನಾಡುವ ಆಕೆಯ ನಾಲಿಗೆಯು ಆ ಮೊದಲನೆಯ ಕಕಾರವನ್ನು ಖಕಾರವಾಗಿ ಹೇಳುವ ರೂಢಿಯದು. ಕನ್ನಡದಲ್ಲಿ ಕೆಲವರು ‘ಕೈದಿ’ ಎಂದೂ ಕೆಲವರು ‘ಖೈದಿ’ ಎಂದೂ ಬರೆಯುವುದನ್ನು ವಾಚಕರು ಕಂಡಿರಬಹುದು. ಅದರ ಕಾರಣವೂ ಈ ಒಂದು ಅಕ್ಷರವೇ.

ಅಂದು ರಾತ್ರಿ ನಾವು ಆ ಪಟ್ಟಿಯನ್ನು ಹರಿದುಹಾಕಿದೆವು. ಮರುದಿನ ಆಕೆಯ ತಮ್ಮನು ಮೊಬೈಲಿನಲ್ಲಿ ಅರಬ್ಬೀ ಕಲಿಸುವ ವಿಡಿಯೋ ಒಂದನ್ನು ಹುಡುಕಿ ಕೊಟ್ಟನು. ಅದರಲ್ಲಿ ಒಬ್ಬ ವೈದ್ಯ, ಒಬ್ಬ ರೋಗಿ, ಒಂದು ಹಾಸಿಗೆ. ಹುಡುಗಿ ಕಣ್ಣಿಟ್ಟು ನೋಡಿದಳು. ಔಷಧಕ್ಕೆ ‘ದವಾ’ ಎಂಬ ಶಬ್ದ ಬಂದಾಗ ಮುಖವರಳಿತು. ನಮ್ಮ ಸೀಮೆಯಲ್ಲಿ ಆಸ್ಪತ್ರೆಯನ್ನು ‘ದವಾಖಾನೆ’ ಎನ್ನುತ್ತೇವಲ್ಲವೆ! ಆದರೆ ರೋಗಿಗೆ ಆ ವೈದ್ಯನು ಹೇಳಿದ ಶಬ್ದವು ಆಕೆಗೆ ತಿಳಿಯಲಿಲ್ಲ. ಮೂರು ಸಲ ತಿರುಗಿಸಿ ಕೇಳಿದ ಮೇಲೆ, “ಕಾಕಾ, ಇದು ‘ಮರೀಜ್’ ಇದ್ದಂಗ ಅದ, ಖರೆ ಇವಾ ಜ ಅನ್ನಲಾರ್ದೆ ದ ಅನ್ನಲಾಕತ್ಯಾನ” ಎಂದಳು.

ಆ ಒಂದು ಮಾತಿನಲ್ಲಿ ನಮಗೆ ಬಾಗಿಲು ತೆರೆಯಿತು. ಅರಬ್ಬಿಯಲ್ಲಿ ದಪ್ಪನಾದ ದಕಾರದಂತೆ ಕೇಳಿಸುವ ಒಂದು ಅಕ್ಷರವುಂಟು. ಅದರ ಹೆಸರು ‘ದಾದ್’. ಅರಬರು ಅದನ್ನು ಎಷ್ಟು ವಿಶಿಷ್ಟವೆಂದು ಬಗೆದಿದ್ದಾರೆಂದರೆ ತಮ್ಮ ಭಾಷೆಯನ್ನೇ ‘ದಾದ್ ಅಕ್ಷರದ ಭಾಷೆ’ ಎಂದು ಕರೆದುಕೊಳ್ಳುತ್ತಾರೆ. ಈ ಶಬ್ದಗಳು ಪಾರಸಿಯ ಮೂಲಕ ಉರ್ದುವಿಗೂ ಅಲ್ಲಿಂದ ಕನ್ನಡಕ್ಕೂ ಬರುವಾಗ ಆ ದಕಾರವು ಜಕಾರವಾಯಿತು. ನಾವು ಕೂಡಲೇ ಒಂದು ಹಲಗೆಯನ್ನು ತರಿಸಿ, ಆಳಂದದ ಸಂತೆಯಲ್ಲಿಯೂ ಕಚೇರಿಯಲ್ಲಿಯೂ ದಿನನಿತ್ಯ ಕೇಳುವ ಶಬ್ದಗಳನ್ನು ಬರೆದೆವು: ಹಾಜರು, ರಾಜಿ, ಕಾಜಿ, ಅರ್ಜಿ, ಜಪ್ತಿ, ಜಿಲ್ಲೆ, ರಂಜಾನ್. ಇವೆಲ್ಲವೂ ಅರಬನ ಬಾಯಲ್ಲಿ ಹಾದಿರ್, ರಾದಿ, ಕಾದಿ, ಅರ್ದ್, ದಬ್ತ್, ದಿಲ, ರಮದಾನ್. ಒಂದು ನಿಯಮದಿಂದ ಏಳು ಶಬ್ದಗಳು! ಆದರೆ ಎಲ್ಲ ಜಕಾರವೂ ದಕಾರವಲ್ಲ. ‘ಜವಾಬು’ ಅಲ್ಲಿಯೂ ಜಕಾರದಿಂದಲೇ ಆರಂಭವಾಗುತ್ತದೆ, ‘ಇಜ್ಜತ್ತಿ’ನ ಜಕಾರವು ಅಲ್ಲಿ ಬೇರೊಂದು ಅಕ್ಷರ. ಯಾವುದು ಯಾವುದೆಂದು ನಿರ್ಣಯಿಸಲು ಕಿವಿಯಲ್ಲದೆ ಬೇರೆ ಪ್ರಮಾಣವಿಲ್ಲ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದರೆ ವಾಚಕರು ಕ್ಷಮಿಸಬೇಕು. ನಮ್ಮ ವರ್ಣಮಾಲೆಯು ಕಂಠದಿಂದ ಹೊರಟು ತುಟಿಯವರೆಗೆ ಬರುವ ಕ್ರಮದಲ್ಲಿದೆಯೆಂದು ಪ್ರತಿಯೊಬ್ಬ ಸಂಸ್ಕೃತ ವಿದ್ಯಾರ್ಥಿಯೂ ಬಲ್ಲನು. ಎಂಟನೆಯ ಶತಮಾನದಲ್ಲಿ ಇರಾಕಿನ ಬಸ್ರಾ ಪಟ್ಟಣದಲ್ಲಿದ್ದ ಖಲೀಲ್ ಇಬ್ನ್ ಅಹ್ಮದ್ ಎಂಬ ಪಂಡಿತನು ಅರಬ್ಬಿಯ ಮೊದಲ ನಿಘಂಟನ್ನು ರಚಿಸಹೊರಟಾಗ, ರೂಢಿಯ ಅಕ್ಷರಕ್ರಮವನ್ನು ಬಿಟ್ಟು, ಗಂಟಲಿನ ಆಳದಲ್ಲಿ ಹುಟ್ಟುವ ‘ಐನ್’ ಎಂಬ ಅಕ್ಷರದಿಂದ ಆರಂಭಿಸಿ ತುಟಿಯ ಅಕ್ಷರಗಳ ಕಡೆಗೆ ನಡೆದನು. ಆ ನಿಘಂಟಿಗೆ ‘ಐನ್ ಪುಸ್ತಕ’ವೆಂದೇ ಹೆಸರಾಯಿತು. ನಮ್ಮ ಶಿಕ್ಷಾಶಾಸ್ತ್ರದ ಗಾಳಿಯೇನಾದರೂ ಅಲ್ಲಿಗೆ ಬೀಸಿತ್ತೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಆ ಚರ್ಚೆ ನಮಗೆ ಬೇಡ. ಉಚ್ಚಾರಣೆಯೇ ಶಬ್ದಜ್ಞಾನದ ಮೊದಲ ಮೆಟ್ಟಿಲೆಂದು ಅಲ್ಲಿಯವರೂ ಇಲ್ಲಿಯವರೂ ಸಮಾನವಾಗಿ ಕಂಡುಕೊಂಡರೆಂಬುದಷ್ಟೇ ನಮಗೆ ಪ್ರಕೃತ.

ಅರಬ್ಬಿಯ ವಿಷಯದಲ್ಲಿ ಕೇಳಿಸುವ ಸಾಧನವು ಕೇವಲ ಅಲಂಕಾರವಲ್ಲವೆನ್ನಲು ಇನ್ನೊಂದು ಬಲವಾದ ಕಾರಣವುಂಟು. ಆ ಭಾಷೆಯ ಪತ್ರಿಕೆಗಳಲ್ಲಿಯೂ ಪುಸ್ತಕಗಳಲ್ಲಿಯೂ ಹ್ರಸ್ವಸ್ವರಗಳನ್ನು ಬರೆಯುವುದಿಲ್ಲ. ಕುರಾನಿನಲ್ಲಿಯೂ ಮಕ್ಕಳ ಪಾಠಗಳಲ್ಲಿಯೂ ಸ್ವರಚಿಹ್ನೆಗಳಿರುತ್ತವೆ. ಆಸ್ಪತ್ರೆಯ ಚೀಟಿಯಲ್ಲಿ ಇರವು. ಕ, ತ, ಬ ಎಂಬ ಮೂರು ವ್ಯಂಜನಗಳನ್ನು ಬರೆದಿದ್ದರೆ ‘ಕತಬ’ ಎಂದು ಓದಿ ‘ಅವನು ಬರೆದನು’ ಎನ್ನಬಹುದು, ‘ಕುತಿಬ’ ಎಂದು ಓದಿ ‘ಬರೆಯಲ್ಪಟ್ಟಿತು’ ಎನ್ನಬಹುದು, ‘ಕುತುಬ್’ ಎಂದು ಓದಿ ‘ಪುಸ್ತಕಗಳು’ ಎನ್ನಬಹುದು. ಶಬ್ದವನ್ನು ಮೊದಲೇ ಕಿವಿಯಿಂದ ಬಲ್ಲವನೇ ಅದನ್ನು ಓದಬಲ್ಲನು! ಸ್ವರಚಿಹ್ನೆಗಳ ಊರುಗೋಲನ್ನು ಹಿಡಿದು ನಡೆದ ಮಧ್ಯಮ ವಿದ್ಯಾರ್ಥಿಯು, ಅದನ್ನು ಕಸಿದುಕೊಂಡ ಕ್ಷಣದಲ್ಲಿ ಕುಸಿಯುವುದು ಇದಕ್ಕಾಗಿಯೇ.

ಇನ್ನು ಚಿತ್ರದ ಮಾತು. ಇಲ್ಲಿ ನಮ್ಮದೇ ಒಂದು ಹಳೆಯ ಸಾಲವನ್ನು ಒಪ್ಪಿಕೊಳ್ಳಬೇಕಾಗಿದೆ. ಕನ್ನಡ ವ್ಯಾಕರಣದಲ್ಲಿ ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂದು ಶಬ್ದಗಳ ವಿಭಾಗವುಂಟಷ್ಟೆ. ತತ್ಸಮ ತದ್ಭವಗಳಿಗೆ ಬಂದಾಗ ನಾವು ತರಗತಿಯಲ್ಲಿ ಗಂಟೆಗಟ್ಟಲೆ ಉಪನ್ಯಾಸಮಾಡುತ್ತಿದ್ದೆವು. ಯಕಾರವು ಜಕಾರವಾಗುವುದು, ಶಕಾರವು ಸಕಾರವಾಗುವುದು, ಎಲ್ಲವನ್ನೂ ಸೂತ್ರಬದ್ಧವಾಗಿ ಹೇಳುತ್ತಿದ್ದೆವು. ಅನ್ಯದೇಶ್ಯಕ್ಕೆ ಬಂದಾಗ ಮಾತ್ರ ‘ಅರ್ಜಿ, ಹುಕುಂ, ವಕೀಲ, ಹಾಜರು, ಬರೆದುಕೊಳ್ಳಿರಿ’ ಎಂದು ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಆ ಶಬ್ದಗಳು ಯಾರ ಮನೆಯವು, ಅಲ್ಲಿ ಅವಕ್ಕೆ ಏನರ್ಥ ಎಂದು ಒಬ್ಬ ಹುಡುಗನೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ಮನೆಯ ಹೊಸ್ತಿಲಲ್ಲಿಯೇ ಅವು ಕುಳಿತಿದ್ದುವು. 1347ರಲ್ಲಿ ಬಹಮನೀ ಸುಲ್ತಾನರು ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿದಂದಿನಿಂದ ಈ ಸೀಮೆಯ ದಫ್ತರಗಳಲ್ಲಿ ಪಾರಸಿ ನೆಲೆಸಿತು. ಪಾರಸಿಯ ಹೊಟ್ಟೆಯಲ್ಲಿ ಅರಬ್ಬಿಯಿದ್ದಿತು. ಮಹಮೂದ ಗವಾನನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಅವಶೇಷವನ್ನು ಇಂದಿಗೂ ನೋಡಬಹುದು. ತರುವಾಯ ನಿಜಾಮರ ಆಳಿಕೆಯಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದು, 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರುವವರೆಗೂ ಕೋರ್ಟು ಕಚೇರಿಗಳಲ್ಲಿ ಅದೇ ನಡೆಯಿತು. ಹೀಗಾಗಿ ಲಾಡ್ಲೆ ಮಶಾಯಕರ ದರ್ಗಾಕ್ಕೆ ಹೋಗುವ ಭಕ್ತನಷ್ಟೇ ಅಲ್ಲ, ತೊಗರಿಯ ರಾಶಿಯ ಮುಂದೆ ಕುಳಿತು ಹಿಸಾಬು ಮಾಡುವ ಲಿಂಗಾಯತ ರೈತನೂ ತನಗರಿಯದೆಯೇ ನೂರಾರು ಅರಬ್ಬೀ ಶಬ್ದಗಳನ್ನು ಆಡುತ್ತಾನೆ. ‘ಹಿಸಾಬು’ ಅರಬ್ಬೀ, ‘ಬಾಕಿ’ ಅರಬ್ಬೀ, ‘ಫಸಲು’ ಅರಬ್ಬೀ, ‘ಖರ್ಚು’ ಅರಬ್ಬೀ. ಏಕೆ, ‘ರೈತ’ ಎಂಬ ಶಬ್ದವೇ ಅರಬ್ಬೀ!

ಆದರೆ ಪರದೇಶದ ಸೊಸೆಯು ಬಂದ ಮನೆಯಲ್ಲಿ ಹೊಸ ಹೆಸರು ಪಡೆಯುವಂತೆ ಈ ಶಬ್ದಗಳು ಇಲ್ಲಿ ಹೊಸ ಅರ್ಥಗಳನ್ನು ಪಡೆದಿವೆ. ನಮ್ಮ ‘ತಕರಾರು’ ಜಗಳ. ಅಲ್ಲಿ ‘ತಕ್ರಾರ್’ ಎಂದರೆ ಪುನರಾವೃತ್ತಿ ಮಾತ್ರ. ನಮ್ಮ ‘ಅಮಲು’ ಅಧಿಕಾರವೂ ಹೌದು, ಹೆಂಡದ ಮತ್ತೂ ಹೌದು. ಅಲ್ಲಿ ‘ಅಮಲ್’ ಎಂದರೆ ಕೆಲಸ. ‘ಮೆಹನತ್ತು’ ನಮಗೆ ದುಡಿಮೆ. ಅವರಿಗೆ ಅದು ದುಃಖದ ಪರೀಕ್ಷೆ. ನಾವು ‘ಜಿಲ್ಲೆ’ ಎನ್ನುವುದು ಅಲ್ಲಿ ಪಕ್ಕೆಲುಬು. ನರ್ಸಿಗೆ ಇದು ಹಾಸ್ಯದ ಮಾತಲ್ಲ. ‘ಗರೀಬ’ನು ನಮ್ಮಲ್ಲಿ ಬಡವನು, ಅರಬ್ಬಿಯಲ್ಲಿ ಪರಸ್ಥಳದವನು, ಅಪರಿಚಿತನು. ಇಂಥ ಶಬ್ದಗಳಿಗೆ ಕನ್ನಡದ ಅರ್ಥವನ್ನು ಪಕ್ಕದಲ್ಲಿ ಬರೆದುಕೊಂಡರೆ ಹಳೆಯ ಅರ್ಥವು ಸಾಯುವುದಿಲ್ಲ. ಅದು ಮನಸ್ಸಿನಲ್ಲಿ ಮೊದಲೇ ಮನೆಮಾಡಿಕೊಂಡಿರುತ್ತದೆ. ಚಿತ್ರವು ಅದನ್ನು ಹೊರಡಿಸಬಲ್ಲುದು. ಎದೆಯ ಗೂಡಿನ ಚಿತ್ರದಲ್ಲಿ ಒಂದು ಎಲುಬಿನ ಮೇಲೆ ಬೆರಳಿಟ್ಟು ಆ ಶಬ್ದವನ್ನು ನಾಲ್ಕು ಸಲ ಕೇಳಿದ ಮೇಲೆ, ಹುಡುಗಿಗೆ ‘ಕಲಬುರಗಿ ಜಿಲ್ಲೆ’ ಎಂದಾಗಲೆಲ್ಲ ನಗೆ ಬರತೊಡಗಿತು.

ಚಿತ್ರವನ್ನು ತೋರಿಸಿ ಶಬ್ದವನ್ನು ಕಲಿಸುವುದು ಹೊಸತೇನಲ್ಲ. ಕೊಮೇನಿಯಸ್ ಎಂಬ ಉಪಾಧ್ಯಾಯನು 1658ರಲ್ಲಿಯೇ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಲ್ಯಾಟಿನ್ ಕಲಿಯುವ ಮಕ್ಕಳಿಗಾಗಿ ಚಿತ್ರಪಾಠದ ಪುಸ್ತಕವನ್ನು ಅಚ್ಚುಹಾಕಿಸಿದ್ದನು. ಮಾತಿನ ಜಾಡೊಂದು, ರೂಪದ ಜಾಡೊಂದು, ಹೀಗೆ ಸ್ಮೃತಿಗೆ ಎರಡು ಜಾಡುಗಳುಂಟೆಂದೂ ಎರಡರಲ್ಲಿಯೂ ನಡೆದ ಶಬ್ದವು ಗಟ್ಟಿಯಾಗಿ ನಿಲ್ಲುತ್ತದೆಂದೂ ಕೆನಡಾ ದೇಶದ ಮನಶ್ಶಾಸ್ತ್ರಜ್ಞ ಆಲನ್ ಪೈವಿಯೋ 1971ರಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು. ಆದರೆ ಚಿತ್ರವು ತಾನಾಗಿಯೇ ಗುರುವಾಗಲಾರದೆಂಬುದನ್ನು ನಾವು ಬಾಲ್ಯದಲ್ಲಿಯೇ ಕಂಡಿದ್ದೇವೆ.

1975ನೆಯ ಇಸವಿಯ ಆಗಸ್ಟಿನಿಂದ ಒಂದು ವರ್ಷದವರೆಗೆ, ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳುಹಿಸುವ ಪ್ರಯೋಗವೊಂದು ನಮ್ಮ ದೇಶದಲ್ಲಿ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರಲ್ಲಿ ಸೇರಿದ್ದುವು. ಕರ್ನಾಟಕದಿಂದ ಆಯ್ದವುಗಳಲ್ಲಿ ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದುವು. ನಮ್ಮ ಸೋದರಮಾವನ ಊರು ಅಂಥದೊಂದು. ಶಾಲೆಯ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಳಿಗೆಯಿಂದ ಮಾಡಿದ ದೊಡ್ಡ ಕೊಡೆಯನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದರು. ಹನ್ನೊಂದರ ವಯಸ್ಸಿನ ನಾವು ಅಲ್ಲಿ ಮೊಟ್ಟಮೊದಲು ಸಮುದ್ರವನ್ನು ಕಂಡೆವು. ಸಾಗರ, ಅಬ್ಧಿ, ಜಲಧಿ ಎಂದು ಪರ್ಯಾಯಪದಗಳನ್ನು ಒಪ್ಪಿಸುತ್ತಿದ್ದ ನಮಗೆ, ಅದು ಅಲುಗಾಡುತ್ತದೆ ಮತ್ತು ಸದ್ದುಮಾಡುತ್ತದೆ ಎಂಬುದು ಅಂದಿನವರೆಗೆ ಗೊತ್ತಿರಲಿಲ್ಲ! ಆ ನೋಟವು ಇಂದಿಗೂ ಕಣ್ಣಮುಂದಿದೆ. ಆದರೆ ಅದೇ ದಿನ ತೋರಿಸಿದ ಉಳಿದ ಸಂಗತಿಗಳಲ್ಲಿ ಒಂದೂ ನೆನಪಿಲ್ಲ. ಪೆಟ್ಟಿಗೆ ಆರಿತು, ಮಕ್ಕಳು ಎದ್ದರು. ‘ಏನು ಕಂಡಿರಿ, ಹೇಳಿರಿ’ ಎಂದು ಕೇಳುವವರು ಯಾರೂ ಇರಲಿಲ್ಲ.

ಈ ಪಾಠವನ್ನು ಮರೆತು ನಾವು ಇನ್ನೊಂದು ಸಲ ಮೋಸಹೋದೆವು. ವಿಡಿಯೋದಿಂದ ಉತ್ಸಾಹಗೊಂಡು, ಹಣ ತೆತ್ತು, ಬಣ್ಣಬಣ್ಣದ ಚಿತ್ರಗಳುಳ್ಳ ಒಂದು ಅರಬ್ಬೀ ಪಾಠಮಾಲೆಯನ್ನು ಮೊಬೈಲಿಗೆ ತರಿಸಿಕೊಂಡೆವು. ಮೊದಲನೆಯ ದಿನ ಇಪ್ಪತ್ತು ಹಣ್ಣುಗಳು, ಎರಡನೆಯ ದಿನ ಇಪ್ಪತ್ತು ಪ್ರಾಣಿಗಳು. ಜಿರಾಫೆಗೆ ‘ಜರಾಫಾ’ ಎನ್ನುತ್ತಾರೆಂದು ತಿಳಿದುಬಂತು. ಆಸ್ಪತ್ರೆಯ ನರ್ಸಿಗೆ ಜಿರಾಫೆಯಿಂದ ಆಗುವ ಉಪಯೋಗವೇನೋ ನಾವರಿಯೆವು. ಅದಕ್ಕೂ ಹೆಚ್ಚಿನ ದೋಷವೆಂದರೆ, ಒಂದೇ ಜಾತಿಯ ಇಪ್ಪತ್ತು ಶಬ್ದಗಳು ಒಟ್ಟಿಗೆ ಬಂದು ಒಂದನ್ನೊಂದು ತಳ್ಳಾಡಿದುವು. ಮೂರನೆಯ ದಿನ ಹುಡುಗಿ ದ್ರಾಕ್ಷಿಗೆ ಅಂಜೂರವೆಂದಳು. ಹೀಗೆ ಒಂದೇ ವರ್ಗದ ಶಬ್ದಗಳನ್ನು ಒಮ್ಮೆಲೇ ಕಲಿಸಿದರೆ ಕಲಿಕೆಯು ನಿಧಾನವಾಗುತ್ತದೆಂದು ಥಾಮಸ್ ಟಿಂಕಮ್ ಎಂಬ ವಿದ್ವಾಂಸರು 1993ರಲ್ಲಿಯೇ ಪರೀಕ್ಷಿಸಿ ತೋರಿಸಿದ್ದಾರೆ. ಆದರೂ ಚಿತ್ರಪಾಠ ಮಾಡುವವರು ಹಣ್ಣಿನ ಬುಟ್ಟಿಯನ್ನು ಬಿಡರು.

ಹಾಗಾದರೆ ಯಾವ ಶಬ್ದಗಳನ್ನು ಒಟ್ಟಿಗೆ ತರಬೇಕು? ಇಲ್ಲಿ ನಮ್ಮ ಸಂಸ್ಕೃತವು ಕೈಹಿಡಿಯಿತು. ಅರಬ್ಬಿಯೂ ಧಾತುಗಳ ಭಾಷೆ. ಹೆಚ್ಚಿನ ಧಾತುಗಳಿಗೆ ಮೂರೇ ವ್ಯಂಜನಗಳು. ನಾವು ಧಾತುವಿಗೆ ಪ್ರತ್ಯಯ ಹಚ್ಚುವಂತೆ ಅವರು ಆ ವ್ಯಂಜನಗಳ ನಡುವೆ ಸ್ವರಗಳನ್ನು ಹೆಣೆಯುತ್ತಾರೆ. ಅಡುಗೆಯ ಧಾತುವಿನಿಂದ ‘ಮತ್ಬಖ್’ ಎಂದರೆ ಅಡುಗೆಮನೆ, ‘ತಬ್ಬಾಖ್’ ಎಂದರೆ ಅಡುಗೆಯವನು. ಬರೆಯುವ ಧಾತುವಿನಿಂದ ‘ಕಿತಾಬ್’ ಪುಸ್ತಕ, ‘ಕಾತಿಬ್’ ಬರೆಯುವವನು, ‘ಮಕ್ತಬ್’ ಬರೆಯುವ ಸ್ಥಳ, ‘ಮಕ್ತಬಾ’ ಗ್ರಂಥಾಲಯ. ಸ್ಥಳವನ್ನು ಹೇಳುವ ಶಬ್ದಗಳು ಹೀಗೆ ‘ಮ’ಕಾರದಿಂದ ಆರಂಭವಾಗುವುದು ಸಾಮಾನ್ಯ, ಮಸೀದಿ, ಮದರಸಾಗಳ ಮಕಾರವೂ ಇದೇ. ಹೊರಬರುವ ಧಾತುವಿನಿಂದ ‘ಮಖ್ರಜ್’, ಹೊರಹೋಗುವ ಬಾಗಿಲು. ನಮ್ಮ ಕೈಯಿಂದ ಹೊರಹೋಗುವ ‘ಖರ್ಚ’ನ್ನೂ ಅದೇ ಧಾತು ಹೆತ್ತಿದೆ. ‘ಖಯ್ಯಾತ್’ ಎಂದರೆ ಹೊಲಿಯುವವನು ಎಂದು ತಿಳಿದ ದಿನ ಹುಡುಗಿ ಗೋಡೆಯಾಚೆಗೆ ಕೂಗಿ ತಂದೆಗೆ ಆ ಬಿರುದನ್ನು ದಯಪಾಲಿಸಿದಳು.

ಅಂದಿನಿಂದ ನಮ್ಮ ಹಲಗೆಯ ಮೇಲೆ ದಿನಕ್ಕೆ ಒಂದೇ ದೃಶ್ಯ, ಎರಡು ಮೂರು ಧಾತುಗಳು, ಹನ್ನೆರಡಕ್ಕೆ ಮೀರದ ಶಬ್ದಗಳು. ಆಸ್ಪತ್ರೆಯ ಕೋಣೆಯ ದೃಶ್ಯವೊಂದರಲ್ಲಿಯೇ ‘ಮರದ್’ ಎಂಬ ರೋಗ, ‘ಮರೀದ್’ ಎಂಬ ರೋಗಿ, ‘ಮುಮರ್ರಿದಾ’ ಎಂಬ ಉಪಚಾರಿಣಿ, ಮೂವರೂ ಒಂದೇ ಧಾತುವಿನ ಮಕ್ಕಳಾಗಿ ನಿಂತರು. ಇವು ಒಂದನ್ನೊಂದು ತಳ್ಳುವುದಿಲ್ಲ. ಒಂದು ಮರೆತರೆ ಇನ್ನೊಂದು ಕರೆದು ತರುತ್ತದೆ.

ಅಭ್ಯಾಸದ ಕ್ರಮವನ್ನು ಕೇಳಿದವರುಂಟು, ಅದು ಸರಳವೇ. ಮೊದಲು ಕಣ್ಣುಮುಚ್ಚಿ ಎರಡು ಸಲ ಕೇಳುವುದು. ತರುವಾಯ ಕೆಳಗೆ ಮೂಡುವ ಬರಹವನ್ನು ಕಾಗದದ ತುಂಡಿನಿಂದ ಮುಚ್ಚಿ ನೋಡುವುದು. ಬರಹವು ತೆರೆದಿದ್ದರೆ ಕಣ್ಣು ಅದಕ್ಕೇ ಅಂಟಿಕೊಂಡು ಕಿವಿಯು ನಿದ್ದೆಹೋಗುತ್ತದೆ, ಅದರಲ್ಲಿಯೂ ಓದು ಬಲ್ಲ ಮಧ್ಯಮ ವಿದ್ಯಾರ್ಥಿಗೆ. ಮೂರನೆಯ ಸಲ ಬರಹವನ್ನು ತೆರೆದು, ಕೇಳಿದ್ದು ಹೌದೋ ಅಲ್ಲವೋ ಎಂದು ಒರೆಹಚ್ಚುವುದು. ಕೊನೆಗೆ ಸದ್ದನ್ನು ಅಡಗಿಸಿ, ಚಿತ್ರವನ್ನು ಮಾತ್ರ ಓಡಿಸಿ, ಅವರ ಪರವಾಗಿ ತಾನೇ ಮಾತನಾಡುವುದು. ಈ ಕೊನೆಯ ಆಟದಲ್ಲಿ ನಮ್ಮ ಮನೆಯವರೂ ರೋಗಿಯ ಪಾತ್ರವನ್ನು ವಹಿಸಿಕೊಂಡು ಗೊಣಗಿದರೆಂದು ಹೇಳಲು ನಮಗೆ ಹೆಮ್ಮೆ. ಮರುದಿನ, ಮೂರು ದಿನದ ಮೇಲೆ, ವಾರದ ಮೇಲೆ ಅದೇ ದೃಶ್ಯವನ್ನು ತಿರುಗಿ ತೋರಿಸಿ ಪ್ರಶ್ನಿಸುತ್ತಿದ್ದೆವು. ಪ್ರಶ್ನಿಸುವ ಮನುಷ್ಯನೊಬ್ಬನಿಲ್ಲದಿದ್ದರೆ ಉಳಿದುದೆಲ್ಲವೂ ವ್ಯರ್ಥ. ಅವನಿಗೆ ಅರಬ್ಬಿಯು ಬರಲೇಬೇಕೆಂದೇನೂ ಇಲ್ಲ, ನಮಗೆ ಬರುತ್ತಿರಲಿಲ್ಲ.

ಒಳ್ಳೆಯ ಸಾಮಗ್ರಿಗೆ ಕೊರತೆಯಿಲ್ಲ. ಮಕ್ಕಳಿಗಾಗಿ ಕುವೈತಿನಲ್ಲಿ ಸಿದ್ಧವಾಗಿ 1979ರಲ್ಲಿ ಪ್ರಸಾರವಾಗತೊಡಗಿದ ‘ಇಫ್ತಹ್ ಯಾ ಸಿಂಸಿಂ’ ಎಂಬ ಬೊಂಬೆಗಳ ಕಾರ್ಯಕ್ರಮದ ಭಾಷೆ ತಿಳಿಯಾದ ಗ್ರಂಥಸ್ಥ ಅರಬ್ಬೀ. ಅಲಿಬಾಬನ ಕಥೆಯಲ್ಲಿ ಗುಹೆಯ ಮುಂದೆ ಹೇಳುವ ಮಂತ್ರವೇ ಅದರ ಹೆಸರು. ‘ಸಿಂಸಿಂ’ ಎಂದರೆ ಎಳ್ಳು; ಎಳ್ಳಮಾವಾಸ್ಯೆಯ ಮರುದಿನ ಈ ಶಬ್ದ ಬಂದುದರಿಂದ ಅದನ್ನು ಪುನಃ ಹೇಳಿಕೊಡಬೇಕಾಗಲಿಲ್ಲ. ವ್ಯಾಕರಣದೊಡನೆ ಕಲಿಯುವವರಿಗೆ ನಮ್ಮ ದಕ್ಷಿಣದೇಶದವರೇ ಒಬ್ಬರು ಮಹೋಪಕಾರ ಮಾಡಿದ್ದಾರೆ. ತಮಿಳುನಾಡಿನ ವಾಣಿಯಂಬಾಡಿಯಲ್ಲಿ 1933ರಲ್ಲಿ ಹುಟ್ಟಿ, ಮದೀನಾದ ಇಸ್ಲಾಮೀ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಬೋಧಿಸಿ, 2023ರಲ್ಲಿ ತೀರಿಕೊಂಡ ಡಾ. ವಿ. ಅಬ್ದುರ್ ರಹೀಂ ಅವರು ಅರಬೇತರರಿಗಾಗಿ ಬರೆದ ಪಾಠಗಳು ಲೋಕದಲ್ಲೆಲ್ಲ ಬಳಕೆಯಲ್ಲಿವೆ. ಅವರು ತರಗತಿಯಲ್ಲಿ ಪಾಠ ಹೇಳುವುದನ್ನೇ ಚಿತ್ರೀಕರಿಸಿದ ವಿಡಿಯೋಗಳೂ ಉಂಟು. ಆ ವೃದ್ಧರು ಒಂದು ಶಬ್ದವನ್ನು ಹೇಳಿ, ನಿಂತು, ಎದುರಿಗಿರುವವನು ಹೇಳುವವರೆಗೆ ಕಾಯುವ ಪರಿಯನ್ನು ನೋಡಿ ನಮಗೆ ನಮ್ಮ ಗುರುಗಳ ನೆನಪಾಯಿತು.

ಚಿತ್ರಕ್ಕೆ ಎಟುಕದ ಶಬ್ದಗಳೂ ಇವೆ. ‘ಅಮಾನಾ’ ಎಂದರೆ ವಿಶ್ವಾಸದಿಂದ ಒಪ್ಪಿಸಿದ ವಸ್ತು, ಆ ವಿಶ್ವಾಸವನ್ನು ಕಾಯುವ ಗುಣ. ಪಾಠಮಾಲೆಯವರು ಇದಕ್ಕೆ ಕೈಕುಲುಕುವ ಇಬ್ಬರ ಚಿತ್ರವನ್ನು ಹಾಕಿದ್ದರು. ಹುಡುಗಿ ಅದನ್ನು ‘ನಮಸ್ಕಾರ’ವೆಂದು ತಿಳಿದಳು. ನಮ್ಮ ಕಚೇರಿಗಳಲ್ಲಿ ನೌಕರನನ್ನು ‘ಅಮಾನತು’ಗೊಳಿಸುವುದನ್ನು ಕೇಳಿದ ನಮಗೂ ಅದು ಬೇರೆಯೇ ಆಗಿ ತೋರಿತು. ಆಗ ನಾವು ಯಂತ್ರವನ್ನು ಕೆಳಗಿಟ್ಟು, ಯಾತ್ರೆಗೆ ಹೊರಟ ಅಜ್ಜಿಯೊಬ್ಬಳು ತನ್ನ ಬಂಗಾರದ ಸರವನ್ನು ನೆರೆಯವಳಲ್ಲಿಟ್ಟು ಹೋದ ಕಥೆಯನ್ನು ಹೇಳಿದೆವು. ಹುಡುಗಿ ಅದನ್ನು ತನಗೆ ಬಂದಷ್ಟು ಅರಬ್ಬಿಯಲ್ಲಿ ತಿರುಗಿ ಹೇಳಿದಳು. ಕಥೆಯಲ್ಲಿ ಸಿಕ್ಕ ಶಬ್ದವು ಜಾರಲಿಲ್ಲ.

ಒಂದು ಎಚ್ಚರವನ್ನು ಹೇಳದಿದ್ದರೆ ತಪ್ಪಾದೀತು. ಗ್ರಂಥದ ಅರಬ್ಬಿಯೇ ಬೇರೆ, ಬೀದಿಯದೇ ಬೇರೆ. ‘ಈಗ’ ಎಂಬುದಕ್ಕೆ ಗ್ರಂಥದಲ್ಲಿ ‘ಅಲ್ ಆನ’. ಕೊಲ್ಲಿಯ ದೇಶಗಳ ಆಡುಮಾತಿನಲ್ಲಿ ‘ಅಲ್ ಹೀನ್’. ಈಜಿಪ್ಟಿನವರ ಮಾತು ಮತ್ತೂ ಬೇರೆ. ವಾರ್ತೆಯ ವಾಹಿನಿಯನ್ನು ಕೇಳಿ ಕಲಿತವನು ಅಂಗಡಿಯಲ್ಲಿ ಮೂಕನಾಗುತ್ತಾನೆ. ಸಂಸ್ಕೃತ ನಾಟಕಗಳನ್ನು ಓದಿದವರಿಗೆ ಇದು ವಿಚಿತ್ರವಲ್ಲ. ಅಲ್ಲಿ ರಾಜನು ಸಂಸ್ಕೃತವನ್ನಾಡಿದರೆ ಸಖಿಯರು ಪ್ರಾಕೃತವನ್ನಾಡುತ್ತಾರೆ, ಇಬ್ಬರೂ ಒಬ್ಬರನ್ನೊಬ್ಬರು ಅರಿಯುತ್ತಾರೆ. ಆದುದರಿಂದ ಮೂರು ತಿಂಗಳು ಗ್ರಂಥದ ಶಬ್ದಗಳನ್ನು ಕಟ್ಟಿ, ಕಡೆಯ ತಿಂಗಳು ಸೌದೀ ಮನೆಗಳ ಕಥೆಯುಳ್ಳ ಧಾರಾವಾಹಿಗಳನ್ನು ಕೇಳಿಸಿದೆವು. ಮೊದಲಿನ ದಿನ ಆಕೆಗೆ ಕಣ್ಣೀರು ಬಂತು. ಎಲ್ಲವೂ ತಿರುಗಿ ಅಪರಿಚಿತವಾಗಿತ್ತು. ಹತ್ತು ದಿನಗಳಲ್ಲಿ ಧಾತುಗಳ ಗುರುತು ಹತ್ತಿತು, ಅಳು ನಿಂತಿತು.

ಹೊರಡುವ ಹೊತ್ತಿಗೆ ಹಲಗೆಯ ಲೆಕ್ಕದಂತೆ ಆರುನೂರಕ್ಕೂ ಮೇಲ್ಪಟ್ಟು ಹೊಸ ಶಬ್ದಗಳಾಗಿದ್ದುವು. ಅವುಗಳಲ್ಲಿ ಕಾಲುಭಾಗದಷ್ಟಾದರೂ ಆಳಂದದ ಮಾತಿನಲ್ಲಿ ಮೊದಲಿನಿಂದಲೇ ಇದ್ದವು.

ಈಗ ಶುಕ್ರವಾರಕ್ಕೊಮ್ಮೆ ಅಲ್ಲಿಂದ ಆಕೆಯ ಧ್ವನಿಯ ಸಂದೇಶ ಬರುತ್ತದೆ. ವಾರದಲ್ಲಿ ಕೇಳಿದ ಹೊಸ ಶಬ್ದಗಳು ಅದರಲ್ಲಿರುತ್ತವೆ. ನಾವು ಅವುಗಳ ಧಾತುವನ್ನು ಹುಡುಕಿ ಹೇಳಬೇಕು, ಅದು ಈಗಿನ ಒಪ್ಪಂದ. ಮೊನ್ನೆಯ ಸಂದೇಶದಲ್ಲಿ ಶಬ್ದಗಳಿರಲಿಲ್ಲ. “ಕಾಕಾ, ಇವತ್ತ ಒಬ್ಬ ಮುದುಕಿ ನನ್ನ ಕೈ ಹಿಡ್ಕೊಂಡು ‘ಗರೀಬಾ’ ಅಂದಳ್ರಿ. ಮೊದಲಾಗಿದ್ರ ಬಡವಿ ಅಂದಳಂತ ಮನಸ್ಸಿಗೆ ಹಚ್ಕೊಂಡು ಕುಂದರ್ತಿದ್ದೆ. ‘ಹೌದು ಅಮ್ಮಾ, ಭಾಳ ದೂರದ ಊರಿನಾಕಿ’ ಅಂದೆ. ಆಕಿ ತನ್ನ ಖಜೂರದ ಡಬ್ಬಿ ತೆಗೆದು ನನ್ನ ಕೈಯಾಗ ಕೊಟ್ಟಳು” ಎಂದಿದ್ದಳು. ಗೋಡೆಯಾಚೆಗೆ ಕೊಂಡೊಯ್ದು ಕೇಳಿಸಿದೆವು. ಆಕೆಯ ತಂದೆ ಹೊಲಿಗೆಯ ಯಂತ್ರವನ್ನು ನಿಲ್ಲಿಸಿ ಕೇಳಿದರು. “ಇನ್ನೊಮ್ಮೆ ಹಚ್ಚ್ರಿ ಮಾಸ್ತರ್ರೇ” ಎಂದರು.